ಮೂರು ವರ್ಷದಲ್ಲಿ ನೆಲ ಜೀರುಂಡೆಗಳ ಲೆಕ್ಕ ಅರ್ಧಕ್ಕಿಳಿದರೆ ಅದು ಕುಸಿತವೇ?

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಮೂರು ವರ್ಷದಿಂದ ಒಂದು ಕಾಡಿನಲ್ಲಿ ನೆಲ ಜೀರುಂಡೆಗಳನ್ನು ಎಣಿಸುತ್ತಿದ್ದೇವೆ. ನೆಲದಲ್ಲಿ ಕಪ್ ಹೂತಿಟ್ಟು, ಎರಡು ವಾರಕ್ಕೊಮ್ಮೆ ಹೋಗಿ ಬಿದ್ದದ್ದನ್ನು ತರುತ್ತೇವೆ. ಮೊದಲ ವರ್ಷ ಸಿಕ್ಕಿದ್ದರಲ್ಲಿ ಈ ವರ್ಷ ಅರ್ಧವೂ ಇಲ್ಲ. ನಡುವೆ ಒಮ್ಮೆ ಕಪ್‌ಗಳು ಒಡೆದವು, ಸ್ವಲ್ಪ ಚಿಕ್ಕ ಕಪ್‌ ಹಾಕಿದೆವು. ಜೀರುಂಡೆಗಳು ನಿಜಕ್ಕೂ ಕಡಿಮೆಯಾಗುತ್ತಿವೆಯೇ? ನಾವೇ ಹಿಡಿದು ಹಿಡಿದು ಕಡಿಮೆ ಮಾಡುತ್ತಿದ್ದೇವಾ? ಇನ್ನೆಷ್ಟು ವರ್ಷ ಮಾಡಬೇಕು? ಈಗಲೇ ಇದನ್ನು ಜನರಿಗೆ ತಿಳಿಸಬಹುದೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮೂರು ವರ್ಷದ ಲೆಕ್ಕ ಹಿಡಿದು ಜೀರುಂಡೆಗಳು ಕಡಿಮೆಯಾಗುತ್ತಿವೆ ಎನ್ನಲು ಆಗುವುದಿಲ್ಲ. ಕಡಿಮೆಯಾಗುತ್ತಿಲ್ಲ ಎನ್ನಲೂ ಆಗುವುದಿಲ್ಲ. ಹಾಗಂತ ನೀವು ಪಟ್ಟ ಶ್ರಮ ದಂಡವಾಗಿಲ್ಲ. ಇಂಥ ಕೆಲಸದಲ್ಲಿ ಮೊದಲ ಮೂರು ವರ್ಷ ಅಂದರೆ ಅಡಿಪಾಯ. ಅದನ್ನು ಈಗ ಸರಿಯಾಗಿ ಕಟ್ಟಿದರೆ ಮುಂದಿನ ಹತ್ತು ವರ್ಷದ ಲೆಕ್ಕಕ್ಕೆ ಬೆಲೆ ಬರುತ್ತದೆ. ಇಲ್ಲದಿದ್ದರೆ ಇಪ್ಪತ್ತು ವರ್ಷ ಎಣಿಸಿದರೂ ಇದೇ ಅನುಮಾನ ಉಳಿಯುತ್ತದೆ.

ನಿಮ್ಮ ಕಪ್ ಏನನ್ನು ಎಣಿಸುತ್ತದೆ ಅನ್ನುವುದರಿಂದ ಶುರು ಮಾಡೋಣ. ಇದಕ್ಕೆ ಪಿಟ್‌ಫಾಲ್ ಟ್ರ್ಯಾಪ್ ಅನ್ನುತ್ತಾರೆ. ಗುಹೆಯ ಕೀಟಗಳನ್ನು ಹಿಡಿಯಲು ಬಾರ್ಬರ್ ಎಂಬ ವಿಜ್ಞಾನಿ ಇಂಥ ಟ್ರ್ಯಾಪ್ ಬಳಸಿ 1931ರಲ್ಲಿ ಅದರ ಬಗ್ಗೆ ಬರೆದರು. ಯುರೋಪಿನಲ್ಲಿ ಇವತ್ತಿಗೂ ಅದನ್ನು ಬಾರ್ಬರ್ ಟ್ರ್ಯಾಪ್ ಎಂದು ಕರೆಯುವವರಿದ್ದಾರೆ. ಅಗ್ಗ, ಸುಲಭ, ಹಗಲು ರಾತ್ರಿ ತಾನಾಗಿಯೇ ಕೆಲಸ ಮಾಡುತ್ತದೆ. ನೆಲ ಜೀರುಂಡೆಗಳು, ಅಂದರೆ ಕ್ಯಾರಬಿಡೆ ಕುಟುಂಬದವು, ಹೆಚ್ಚಾಗಿ ರಾತ್ರಿ ತರಗೆಲೆಗಳ ನಡುವೆ ಓಡಾಡಿ ಬೇಟೆಯಾಡುತ್ತವೆ. ಜಗತ್ತಿನಲ್ಲಿ ಸುಮಾರು 40,000 ಪ್ರಭೇದಗಳಿವೆ. ಓಡುವಾಗ ಕಪ್ ಅಡ್ಡ ಬಂದರೆ ಬೀಳುತ್ತವೆ. ಇಷ್ಟೇ ವಿಷಯ.

ಆದರೆ ಬೀಳಬೇಕಾದರೆ ನಡೆಯಬೇಕು, ಅಲ್ವಾ? ಕಾಡಿನಲ್ಲಿ ಸಾವಿರ ಜೀರುಂಡೆಗಳಿದ್ದು ಎಲ್ಲವೂ ಸುಮ್ನೆ ಕೂತಿದ್ದರೆ ನಿಮ್ಮ ಕಪ್ ಖಾಲಿ. ನೂರೇ ಇದ್ದು ಇಡೀ ರಾತ್ರಿ ಓಡಾಡಿದರೆ ಕಪ್ ತುಂಬುತ್ತದೆ. ಹಾಗಾಗಿ ಸಿಕ್ಕ ಸಂಖ್ಯೆಯಲ್ಲಿ ಎರಡು ವಿಷಯ ಬೆರೆತಿರುತ್ತವೆ: ಎಷ್ಟಿವೆ, ಎಷ್ಟು ನಡೆದವು. ಈ ಕೆಲಸ ಮಾಡುವವರು ಇದನ್ನು ಚಟುವಟಿಕೆ-ಸಾಂದ್ರತೆ ಎನ್ನುತ್ತಾರೆ. ಇವೆರಡನ್ನು ಒಂದು ವರ್ಷದ ಲೆಕ್ಕದಿಂದ ಬಿಡಿಸಲು ಆಗುವುದಿಲ್ಲ. ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ, ಹಲವು ವರ್ಷ ಮಾಡಿದರೆ ಮಾತ್ರ ಒಂದು ಮಟ್ಟಿಗೆ ಬಿಡಿಸಬಹುದು. ನಾನು ಕೆಳಗೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ ಎಂದುಕೊಳ್ಳಿ.

ನಡೆಯುವುದು ಯಾವುದರಿಂದ ಬದಲಾಗುತ್ತದೆ? ಮೊದಲನೆಯದು ಉಷ್ಣಾಂಶ. ಜೀರುಂಡೆಯ ಮೈ ಸುತ್ತಲಿನ ಗಾಳಿ-ಮಣ್ಣಿನಷ್ಟೇ ಬಿಸಿ ಇರುತ್ತದೆ. ತಂಪಾದ ವಾರ ಅದು ನಿಧಾನ, ಬೆಚ್ಚಗಿನ ವಾರ ಚುರುಕು. ಎರಡನೆಯದು ಹಸಿವು, ಇದನ್ನು ಬಹಳ ಜನ ಯೋಚಿಸುವುದಿಲ್ಲ. ಹೊಟ್ಟೆ ತುಂಬಿದ ಜೀರುಂಡೆ ತರಗೆಲೆಯ ಅಡಿ ಮಲಗಿರುತ್ತದೆ. ಹಸಿದದ್ದು ಊಟ ಹುಡುಕಿಕೊಂಡು ದೂರ ದೂರ ಹೋಗುತ್ತದೆ. ಹೀಗಾಗಿ ಆಹಾರ ಕಡಿಮೆಯಾದ ಕೆಟ್ಟ ವರ್ಷದಲ್ಲೇ ಕಪ್‌ಗೆ ಜಾಸ್ತಿ ಬೀಳಬಹುದು. ನಿಮ್ಮ ಮೊದಲ ವರ್ಷ ಅಂಥದ್ದಾಗಿತ್ತೇ ಎಂದು ಈಗ ಹೇಳುವುದು ಕಷ್ಟ. ಆದರೆ ಸಾಧ್ಯತೆಯನ್ನು ಪಕ್ಕಕ್ಕಿಡಬೇಡಿ. ಮೂರನೆಯದು ನೆಲ. ದಪ್ಪ ಹುಲ್ಲು, ಪೊದೆ, ತರಗೆಲೆಯ ಗುಡ್ಡೆ ಇದ್ದರೆ ನಡಿಗೆಗೆ ಅಡ್ಡಿ. ಗಾಳಿಗೆ ಮರ ಬಿದ್ದು ಬೆಳಕು ಬಂದ ಕಡೆ ಎರಡೇ ವರ್ಷದಲ್ಲಿ ಗಿಡಗಂಟಿ ಏಳುತ್ತದೆ. ಆಗ ಜೀರುಂಡೆಗಳು ಅಷ್ಟೇ ಇದ್ದರೂ ಕಪ್‌ಗೆ ಬೀಳುವುದು ಕಡಿಮೆಯಾಗುತ್ತದೆ. ಸಂತಾನದ ಕಾಲದಲ್ಲಿ ಗಂಡುಗಳು ಹೆಣ್ಣು ಹುಡುಕಿ ಓಡಾಡುವುದರಿಂದ ಆಗ ಅವೇ ಹೆಚ್ಚು ಬೀಳುವುದುಂಟು. ದೊಡ್ಡ ಮೈಯವು ವೇಗವಾಗಿ ಹೆಚ್ಚು ದೂರ ನಡೆಯುತ್ತವೆ. ಅದಕ್ಕೇ ಕಾಡಿನಲ್ಲಿ ಅವುಗಳ ಪಾಲಿಗಿಂತ ಕಪ್‌ನಲ್ಲಿ ಅವುಗಳ ಪಾಲು ದೊಡ್ಡದು.

ಈಗ ಕಪ್‌ನ ಬಾಯಿಯನ್ನು ಹತ್ತಿರದಿಂದ ನೋಡೋಣ. ಮುಂದಿನ ಸಲ ಹೋದಾಗ ನೆಲಕ್ಕೆ ಬಗ್ಗಿ, ಕಣ್ಣನ್ನು ಮಣ್ಣಿನ ಮಟ್ಟಕ್ಕೆ ತಂದು ಪ್ರತಿ ಕಪ್‌ನ ಅಂಚನ್ನು ನೋಡಿ. ಹೂತಿಟ್ಟ ದಿನ ಅಂಚು ಮಣ್ಣಿಗೆ ಸಮ ಇರುತ್ತದೆ. ನಾಲ್ಕು ಮಳೆ ಬಿದ್ದ ಮೇಲೆ ಸುತ್ತಲಿನ ಮಣ್ಣು ಕುಸಿದು ಅಂಚು ಕೆಲವು ಮಿಲಿಮೀಟರ್ ಮೇಲೆ ಎದ್ದಿರುತ್ತದೆ. ಎಂಟು ಮಿಲಿಮೀಟರ್ ಉದ್ದದ ಜೀರುಂಡೆಗೆ ಅದು ಗೋಡೆ. ಮುಂಗಾಲಿನಿಂದ ಮುಟ್ಟಿ, ಮೀಸೆ ಆಡಿಸಿ, ಅಂಚಿನ ಉದ್ದಕ್ಕೂ ಸುತ್ತು ಹಾಕಿಕೊಂಡು ಹೋಗಿಬಿಡುತ್ತದೆ. ಇಡೀ ಸಾಲಿನ ಕಪ್‌ಗಳು ಹೀಗೆ ಎದ್ದು ನಿಂತರೆ ಲೆಕ್ಕ ಬೀಳುತ್ತದೆ, ಜೀರುಂಡೆಗಳಿಗೆ ಏನೂ ಆಗಿರುವುದಿಲ್ಲ. ಪ್ರತಿ ಭೇಟಿಯಲ್ಲೂ ಬೆರಳಿನಿಂದ ಮಣ್ಣು ಒತ್ತಿ ಅಂಚನ್ನು ಸಮ ಮಾಡಿ. ಒಂದರೊಳಗೆ ಒಂದು ಕೂರುವ ಎರಡು ಕಪ್ ಬಳಸಿ. ಹೊರಗಿನದು ಮಣ್ಣಲ್ಲೇ ಇರಲಿ, ಒಳಗಿನದನ್ನು ಮಾತ್ರ ಎತ್ತಿ. ಹೀಗೆ ಮಾಡಿದರೆ ಪ್ರತಿ ಸಲ ನೆಲ ಕೆದಕುವ ಪ್ರಮೇಯ ಬರುವುದಿಲ್ಲ.

ನೆಲ ಕೆದಕುವುದರಿಂದಲೂ ಒಂದು ತೊಂದರೆ ಇದೆ. ಹೊಸದಾಗಿ ಗುಂಡಿ ತೋಡಿ ಕಪ್ ಇಟ್ಟ ಮೊದಲ ಕೆಲವು ದಿನ ಮಾಮೂಲಿಗಿಂತ ಜಾಸ್ತಿ ಜೀರುಂಡೆ ಬೀಳುತ್ತವೆ. ಕೆದಕಿದ ಮಣ್ಣಿನ ಸುತ್ತ ಅವುಗಳ ಓಡಾಟ ಹೆಚ್ಚುತ್ತದೆ. ನಿಮ್ಮ ಮೊದಲ ವರ್ಷದ ದೊಡ್ಡ ಸಂಖ್ಯೆಯಲ್ಲಿ ಇದರ ಪಾಲೂ ಇರಬಹುದು. ನಿಮ್ಮ ಪುಸ್ತಕ ತೆರೆದು ನೋಡಿ: ಮೊದಲ ವರ್ಷದ ಹೆಚ್ಚುವರಿ ಪೂರ್ತಿ ಮೊದಲೆರಡು ಭೇಟಿಯಲ್ಲೇ ಬಂದಿದೆಯೇ, ಅಥವಾ ಇಡೀ ಋತುವಿನಲ್ಲಿ ಹರಡಿಕೊಂಡಿದೆಯೇ? ಮೊದಲೆರಡರಲ್ಲೇ ಇದ್ದರೆ ನಿಮ್ಮ "ಅರ್ಧ" ಬಹಳ ಮಟ್ಟಿಗೆ ಕರಗಿಹೋಗುತ್ತದೆ. ಮುಂದೆ ಕಪ್ ಇಟ್ಟು ಮುಚ್ಚಳ ಹಾಕಿ ಒಂದೆರಡು ವಾರ ಬಿಡಿ, ಆಮೇಲೆ ತೆರೆಯಿರಿ.

ಇನ್ನು ಕಪ್ ಬದಲಾಯಿಸಿದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದದ್ದು ಇದೇ. ಬಾಯಿ ಚಿಕ್ಕದಾದರೆ ಬೀಳುವುದು ಕಡಿಮೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಎಷ್ಟು ಕಡಿಮೆ ಅನ್ನುವುದು ಮಾತ್ರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ದೊಡ್ಡ ಜೀರುಂಡೆ ಚಿಕ್ಕ ಬಾಯಿಯ ಅಂಚನ್ನು ಹಿಡಿದು ದಾಟಿಬಿಡಬಹುದು, ಚಿಕ್ಕದು ಬೀಳಬಹುದು. ಹಾಗಾಗಿ ಬಾಯಿಯ ಅಳತೆಯಿಂದ ಭಾಗಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಸರಿಪಡಿಸಲು ಇರುವ ದಾರಿ ಒಂದೇ: ಮುಂದಿನ ಇಡೀ ಋತು ಹಳೆಯ ಅಳತೆಯ ಕಪ್ ಮತ್ತು ಹೊಸ ಅಳತೆಯ ಕಪ್ ಎರಡನ್ನೂ ಅದೇ ಸಾಲಿನಲ್ಲಿ ಒಂದು ಬಿಟ್ಟು ಒಂದರಂತೆ ಇಡಿ. ಆಗ ಪ್ರತಿ ಪ್ರಭೇದಕ್ಕೂ ಎರಡರ ನಡುವಿನ ವ್ಯತ್ಯಾಸ ಎಷ್ಟು ಎಂದು ಅಂದಾಜು ಸಿಗುತ್ತದೆ. ಮುಂದೆ ಬಿದ್ದದ್ದು ಕೆಡದಂತೆ ಕಪ್‌ನೊಳಗೆ ಹಾಕುವ ದ್ರವ ಬದಲಾಯಿಸಬೇಕಾದರೂ, ಮಳೆ ತಡೆಯುವ ಮುಚ್ಚಳ ಬದಲಾಯಿಸಬೇಕಾದರೂ ಇದೇ ನಿಯಮ. ಹಳೆಯದು ಮತ್ತು ಹೊಸದು ಒಂದು ಋತು ಜೊತೆಜೊತೆಗೆ ನಡೆಯಬೇಕು.

ಹಲವು ತಾಣಗಳಲ್ಲಿ ಪರಿಸರವನ್ನು ಗಮನಿಸುವ ದೊಡ್ಡ ಸಂಶೋಧನಾ ಜಾಲಗಳು ಒಂದೇ ರೀತಿ ಮಾಡುವ ವಿಷಯದಲ್ಲಿ ಎಷ್ಟು ಹಟ ಹಿಡಿಯುತ್ತವೆ ನೋಡಿ. ಬ್ರಿಟನ್ನಿನ ಎನ್ವಿರಾನ್‌ಮೆಂಟಲ್ ಚೇಂಜ್ ನೆಟ್‌ವರ್ಕ್‌ನಲ್ಲಿ ಪ್ರತಿ ತಾಣಕ್ಕೂ ಮೂರು ಸಾಲು, ಸಾಲಿಗೆ ಹತ್ತು ಕಪ್, ಕಪ್‌ನಿಂದ ಕಪ್‌ಗೆ 10 ಮೀಟರ್. ಎರಡು ವಾರಕ್ಕೊಮ್ಮೆ ಖಾಲಿ ಮಾಡುತ್ತಾರೆ. ಅಮೆರಿಕದ ನಿಯಾನ್ ಜಾಲದಲ್ಲೂ ಎರಡು ವಾರದ ಲೆಕ್ಕವೇ. ಮೊದಲು ಒಂದೊಂದು ಪ್ಲಾಟಿಗೆ ನಾಲ್ಕು ಕಪ್ ಇಡುತ್ತಿದ್ದರು, 2018ರಲ್ಲಿ ಮೂರಕ್ಕೆ ಇಳಿಸಿದರು. ಅಂದರೆ ಬದಲಾವಣೆ ಅವರೂ ಮಾಡುತ್ತಾರೆ. ಆದರೆ ಯಾವಾಗ, ಏನು ಬದಲಾಯಿತು ಅನ್ನುವುದು ದತ್ತಾಂಶದ ಜೊತೆಗೇ ಬರೆದಿರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಲೆಕ್ಕ ಹಾಕುವವರು ಕಣ್ಣುಮುಚ್ಚಿ ಮೋಸಹೋಗುವುದಿಲ್ಲ.

ಕಪ್‌ಗಳ ಸಂಖ್ಯೆ ಅಂದಾಗ ಒಂದು ಸಣ್ಣ ಲೆಕ್ಕ ಹೇಳಲೇಬೇಕು. ಹತ್ತು ಕಪ್, 14 ದಿನ. ಅಂದರೆ 140 ಕಪ್-ದಿನ. ಕಾಡುಹಂದಿ ಎರಡು ಕಪ್ ಕಿತ್ತು ಹಾಕಿದೆ ಅಂದುಕೊಳ್ಳಿ. ಉಳಿದ ಎಂಟರಲ್ಲಿ 56 ಜೀರುಂಡೆ. ಎಂಟು ಕಪ್‌ಗೆ 112 ಕಪ್-ದಿನ, ಅಂದರೆ ನೂರು ಕಪ್-ದಿನಕ್ಕೆ 50. ಕಿತ್ತು ಹೋದದ್ದನ್ನು ಬರೆದಿಡದೆ 140ರಿಂದಲೇ ಭಾಗಿಸಿದರೆ 40 ಬರುತ್ತದೆ. ಕಾಡಿನಲ್ಲಿ ಏನೂ ಆಗದೆ ಕಾಗದದ ಮೇಲೆ ಶೇ. 20 ಜೀರುಂಡೆ ಸತ್ತವು! ನೀರು ತುಂಬಿ ಹರಿದ ಕಪ್, ಎಲೆ ಬಿದ್ದು ಸೇತುವೆಯಾದ ಕಪ್, ಯಾರೋ ತುಳಿದ ಕಪ್, ಎಲ್ಲವನ್ನೂ ಆ ದಿನವೇ ಬರೆಯಿರಿ. ಏನೂ ಬೀಳದ ಕಪ್‌ಗೆ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಜಾಗ ನೋಡಿದವರಿಗೆ ಕಪ್ ಹಾಳಾಗಿತ್ತೋ ಜೀರುಂಡೆ ಬಿದ್ದಿರಲಿಲ್ಲವೋ ತಿಳಿಯುವುದಿಲ್ಲ.

ಇದೆಲ್ಲ ಸರಿ ಮಾಡಿದ ಮೇಲೂ ಇಳಿಕೆ ಉಳಿದರೆ? ಆಗಲೂ ಮೂರು ವರ್ಷ ಸಾಲದು. ಜೀರುಂಡೆಗಳ ಸಂಖ್ಯೆ ಸಹಜವಾಗಿಯೇ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ. ಮೊಟ್ಟೆ ಮತ್ತು ಲಾರ್ವಾ (ಮರಿಹುಳು) ಹಂತ ಮಣ್ಣಿನಲ್ಲಿ ಕಳೆಯುತ್ತದೆ. ಲಾರ್ವಾದ ಮೈ ಮೆತ್ತಗೆ, ಒಣಗಿದರೆ ಉಳಿಯುವುದು ಕಷ್ಟ. ಒಂದು ಒಣ ಬೇಸಿಗೆಯ ಪರಿಣಾಮ ಆ ವರ್ಷದ ಕಪ್‌ನಲ್ಲಿ ಕಾಣದೆ, ಆ ಲಾರ್ವಾಗಳು ಜೀರುಂಡೆಗಳಾಗಬೇಕಿದ್ದ ಮುಂದಿನ ವರ್ಷ ಕಾಣಬಹುದು.

ಈ ಏರಿಳಿತವನ್ನು ಗಟ್ಟಿಯಾಗಿ ತೋರಿಸಿದವರು ನೆದರ್‌ಲ್ಯಾಂಡ್ಸ್‌ನ ಪೀಟರ್ ಡೆನ್ ಬೂರ್. ವೈಸ್ಟರ್ ಎಂಬ ಹಳ್ಳಿಯ ಜೈವಿಕ ಕೇಂದ್ರದಲ್ಲಿ 1959ರಿಂದ ಕಪ್ ಇಟ್ಟು ಎಣಿಸತೊಡಗಿದರು. ಅವರು ಎರಡು ಪ್ರಭೇದಗಳನ್ನು ಹೋಲಿಸಿದ್ದು ನನಗೆ ಬಹಳ ಇಷ್ಟದ ಉದಾಹರಣೆ. ಟೆರೋಸ್ಟಿಕಸ್ ವರ್ಸಿಕಲರ್ ಎಂಬುದರ ಸಣ್ಣ ಸಣ್ಣ ಗುಂಪುಗಳು ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ತಾಳದಲ್ಲಿ ಏರಿಳಿಯುತ್ತಿದ್ದವು. ಇಲ್ಲಿ ಕಡಿಮೆಯಾದ ವರ್ಷ ಅಲ್ಲಿ ಹೆಚ್ಚು. ಒಟ್ಟು ಸಂಖ್ಯೆ ಸ್ಥಿರವಾಗಿ ಕಾಣುತ್ತಿತ್ತು. ಕ್ಯಾಲಥಸ್ ಮೆಲನೋಸೆಫಾಲಸ್‌ನ ಗುಂಪುಗಳಾದರೋ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಅದರ ಒಟ್ಟು ಸಂಖ್ಯೆ ವಿಪರೀತ ಹೊಯ್ದಾಡುತ್ತಿತ್ತು. ಅಪಾಯ ಹಲವು ಕಡೆ ಹಂಚಿಹೋದರೆ ಪ್ರಭೇದ ಉಳಿಯುತ್ತದೆ ಎಂದು 1968ರಲ್ಲಿ ಅವರು ಬರೆದರು. ನಿಮಗೆ ಇದರಿಂದ ಏನು ಪಾಠ? ನಿಮ್ಮ ಕಪ್‌ಗಳೆಲ್ಲ ಒಂದೇ ಇಳಿಜಾರಿನಲ್ಲಿದ್ದರೆ, ನೀವು ನೋಡುತ್ತಿರುವುದು ಒಂದು ಗುಂಪಿನ ಇಳಿಕೆಯನ್ನು ಮಾತ್ರ. ಪಕ್ಕದ ಇಳಿಜಾರಿನಲ್ಲಿ ಅದೇ ಪ್ರಭೇದ ಏರುತ್ತಿರಬಹುದು. ಒಂದೇ ಕಡೆ ಮೂವತ್ತು ಕಪ್ ಇಡುವುದಕ್ಕಿಂತ ಆರು ಕಡೆ ಐದೈದು ಇಡುವುದು ಮೇಲು.

ಇನ್ನೊಂದು ಬಲೆ ಮೊದಲ ವರ್ಷದ್ದು. ಎಣಿಕೆ ಶುರುವಾದ ವರ್ಷ ಅಕಸ್ಮಾತ್ ಒಳ್ಳೆಯ ವರ್ಷವಾಗಿದ್ದರೆ, ಆಮೇಲೆ ಬರುವುದೆಲ್ಲ ಇಳಿಕೆಯಂತೆ ಕಾಣುತ್ತದೆ. ದೊಡ್ಡ ಅಧ್ಯಯನಗಳೂ ಈ ಪ್ರಶ್ನೆಯಿಂದ ಪಾರಾಗಿಲ್ಲ. ಜರ್ಮನಿಯ ಕಾಡು ಮತ್ತು ಹುಲ್ಲುಗಾವಲುಗಳಲ್ಲಿ 2008ರಿಂದ 2017ರವರೆಗೆ ಕೀಟ-ಜೇಡಗಳನ್ನು ಎಣಿಸಿದ ಒಂದು ವರದಿ 2019ರಲ್ಲಿ ಬಂತು. ಕಾಡಿನಲ್ಲಿ ಅವುಗಳ ಒಟ್ಟು ತೂಕ ಶೇ. 41, ಪ್ರಭೇದಗಳ ಸಂಖ್ಯೆ ಶೇ. 36 ಇಳಿದಿದೆ ಎಂದಿತ್ತು. 2021ರಲ್ಲಿ ಬೇರೆ ಸಂಶೋಧಕರು ಒಂದು ಮಾತು ಎತ್ತಿದರು: ಒಂದೇ ವರ್ಷದ ಹವೆ ಎಲ್ಲ ತಾಣಗಳನ್ನೂ ಒಟ್ಟಿಗೆ ಮೇಲೆ-ಕೆಳಗೆ ಎಳೆಯುತ್ತದೆ, ಆ ಲೆಕ್ಕ ಸೇರಿಸಿದರೆ ಇಳಿಕೆಯ ಬಗ್ಗೆ ಅಷ್ಟು ಖಾತ್ರಿಯಾಗಿ ಹೇಳಲು ಬರುವುದಿಲ್ಲ. ಇದು ಹತ್ತು ವರ್ಷದ, ನೂರಾರು ತಾಣಗಳ ಕೆಲಸದ ಬಗ್ಗೆ ಎದ್ದ ಪ್ರಶ್ನೆ. ನಿಮ್ಮದು ಮೂರು ವರ್ಷ. ಮೂವತ್ತು ಕಪ್ ಇದ್ದರೂ ಕಾಲದ ವಿಷಯದಲ್ಲಿ ನಿಮ್ಮ ಹತ್ತಿರ ಇರುವುದು ಮೂರೇ ಬಿಂದು. ಕಪ್ ಹೆಚ್ಚಿಸಿದರೆ ವರ್ಷ ಹೆಚ್ಚುವುದಿಲ್ಲ.

ಹಾಗಾದರೆ ಎಷ್ಟು ವರ್ಷ? ಬೆನ್ನೆಲುಬಿರುವ ಪ್ರಾಣಿಗಳ 822 ಸಂಖ್ಯಾಸರಣಿಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2019ರಲ್ಲಿ ಬಂತು. ಅವುಗಳಲ್ಲಿ ಶೇ. 72ಕ್ಕೆ ಏರಿಕೆಯೋ ಇಳಿಕೆಯೋ ಎಂದು ನಂಬಿಕೆಯಿಂದ ಹೇಳಲು ಕನಿಷ್ಠ 10 ವರ್ಷ ಬೇಕಾಯಿತು. ಜೀರುಂಡೆಗಳು ಅವಕ್ಕಿಂತ ಹೆಚ್ಚು ಹೊಯ್ದಾಡುತ್ತವೆ. ಅದಕ್ಕೇ ನಾನು ಹತ್ತು ವರ್ಷವನ್ನು ಕೆಳಗಿನ ಮಿತಿ ಎನ್ನುತ್ತೇನೆ. ಹದಿನೈದಾದರೆ ನೆಮ್ಮದಿ.

ಇಷ್ಟು ತಾಳ್ಮೆ ಯಾಕೆ ಬೇಕು ಅನ್ನುವುದಕ್ಕೆ ಮತ್ತೆ ವೈಸ್ಟರ್ ಕಡೆಗೇ ಹೋಗಬೇಕು. ಅಲ್ಲಿನ 1985ರಿಂದ 2016ರವರೆಗಿನ ಕಪ್ ಲೆಕ್ಕವನ್ನು 2020ರಲ್ಲಿ ಪ್ರಕಟಿಸಿದರು. ನೆಲ ಜೀರುಂಡೆಗಳ ಸಂಖ್ಯೆ ವರ್ಷಕ್ಕೆ ಸರಾಸರಿ ಶೇ. 4.3ರಂತೆ ಇಳಿದಿತ್ತು. ಈ 4.3 ಅನ್ನು ಮೂರು ವರ್ಷದ ಕಿಟಕಿಯಲ್ಲಿ ಯಾರೂ ಹಿಡಿಯಲಾರರು. ಒಂದು ತಂಪು ವಾರದ ಹೊಯ್ದಾಟದಲ್ಲಿ ಅದು ಮುಳುಗಿಹೋಗುತ್ತದೆ. ಆದರೆ ಇದೇ ವೇಗ 30 ವರ್ಷ ನಡೆದರೆ ನೂರರಲ್ಲಿ ಉಳಿಯುವುದು ಸುಮಾರು 27. ನಿಜವಾದ ಕುಸಿತ ಸಾಮಾನ್ಯವಾಗಿ ಹೀಗೆ ಸದ್ದಿಲ್ಲದೆ ಬರುತ್ತದೆ. ನಿಮ್ಮಲ್ಲಿ ಕಂಡಂತೆ ಮೂರೇ ವರ್ಷದಲ್ಲಿ ಅರ್ಧಕ್ಕಿಳಿದದ್ದು ಹವೆಯದೋ ಕಪ್‌ನದೋ ಕೆಲಸ ಎಂದು ನಾನು ಮೊದಲು ಅನುಮಾನಿಸುವುದು ಅದಕ್ಕೇ.

ಮೊದಲು ಅನುಮಾನಿಸುತ್ತೇನೆ ಅಂದೆ, ತಳ್ಳಿಹಾಕುತ್ತೇನೆ ಅನ್ನಲಿಲ್ಲ. ಯಾಕೆಂದರೆ ಕಾಡಿನಲ್ಲೂ ವೇಗವಾಗಿ ಕುಸಿದ ಉದಾಹರಣೆ ಇದೆ. ಬರ್ಲಿನ್‌ನ ಈಶಾನ್ಯಕ್ಕೆ ಶೋರ್ಫ್‌ಹೈಡ-ಖೊರಿನ್ ಎಂಬ ಕಾಡುಪ್ರದೇಶ. ಅಲ್ಲಿ 1999ರಿಂದ 2022ರವರೆಗೆ, 24 ವರ್ಷ, ನೆಲ ಜೀರುಂಡೆಗಳನ್ನು ಹಿಡಿದು ಲೆಕ್ಕ ಇಟ್ಟರು. 2015ರಿಂದೀಚೆಗೆ ಸಂಖ್ಯೆ ಶೇ. 71, ಒಟ್ಟು ತೂಕ ಶೇ. 89 ಇಳಿಯಿತು. ಹಲವು ವರ್ಷ ಬೆನ್ನುಬಿಡದೆ ಬಂದ ಬರವೇ ಕಾರಣ ಎಂದು ಅವರ ವಿಶ್ಲೇಷಣೆ ತೋರಿಸಿತು. ಇಲ್ಲಿ ಎರಡು ವಿಷಯ ಗಮನಿಸಿ. ಸಂಖ್ಯೆಗಿಂತ ತೂಕ ಹೆಚ್ಚು ಇಳಿದಿದೆ. ಅಂದರೆ ದೊಡ್ಡ ಮೈಯವೇ ಹೆಚ್ಚು ಹೋಗಿವೆ. ಮತ್ತೆ, 2015ರ ಮುಂಚಿನ ಹದಿನಾರು ವರ್ಷದ ಲೆಕ್ಕ ಇಲ್ಲದಿದ್ದರೆ ಈ ಇಳಿಕೆ ಮಾಮೂಲಿ ಹೊಯ್ದಾಟವೋ ಅಲ್ಲವೋ ಹೇಳಲು ಅವರಿಗೂ ಆಗುತ್ತಿರಲಿಲ್ಲ. ಏನೂ ವಿಶೇಷ ನಡೆಯದ ಆ ನೀರಸ ವರ್ಷಗಳೇ ಆಮೇಲೆ ಕೈಹಿಡಿದವು.

ಎಲ್ಲ ಕಾಡುಗಳ ಕಥೆಯೂ ಇದೇ ಅಲ್ಲ. ಬ್ರಿಟನ್ನಿನ ಜಾಲದ 11 ತಾಣಗಳ 15 ವರ್ಷದ ಲೆಕ್ಕ 2012ರಲ್ಲಿ ಬಂತು. 68 ಪ್ರಭೇದಗಳಲ್ಲಿ ಮುಕ್ಕಾಲು ಭಾಗ ಇಳಿಮುಖ. ಅವುಗಳಲ್ಲಿ ಅರ್ಧದಷ್ಟು ಹತ್ತು ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚಿನ ವೇಗದಲ್ಲಿ ಇಳಿಯುತ್ತಿದ್ದವು. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಬೆಟ್ಟ, ಮೂರ್‌ಲ್ಯಾಂಡ್ (ಕುರುಚಲು ಗಿಡದ ಎತ್ತರದ ಬಯಲು), ಪಶ್ಚಿಮದ ಹುಲ್ಲುಗಾವಲುಗಳಿಗೆ. ಕಾಡು ಮತ್ತು ಬೇಲಿಸಾಲಿನ ತಾಣಗಳಲ್ಲಿ ಸಂಖ್ಯೆ ಬಹುಮಟ್ಟಿಗೆ ಸ್ಥಿರವಾಗಿತ್ತು. ಹಾಗಾಗಿ ಎಲ್ಲೋ ಓದಿದ ಕುಸಿತದ ಸುದ್ದಿಯನ್ನು ನಿಮ್ಮ ಕಾಡಿಗೆ ಅಂಟಿಸಬೇಡಿ.

ಈಗ ನಿಮ್ಮ ಲೆಕ್ಕದಲ್ಲಿ ನಾನು ಮೊದಲು ನೋಡಬಯಸುವುದನ್ನು ಹೇಳುತ್ತೇನೆ. ನೀವು "ಜೀರುಂಡೆಗಳು ಅರ್ಧಕ್ಕಿಳಿದಿವೆ" ಎಂದು ಬರೆದಿದ್ದೀರಿ. ಯಾವ ಜೀರುಂಡೆಗಳು? ಒಟ್ಟು ಸಂಖ್ಯೆಯನ್ನು ನಂಬಿ ಮೋಸಹೋಗುವುದು ಬಹಳ ಸುಲಭ. ಫಿನ್‌ಲ್ಯಾಂಡಿನ ಕಾಡುಗಳಲ್ಲಿ ಮರಗಳನ್ನು ಪೂರ್ತಿ ಕಡಿದ ಜಾಗಗಳನ್ನು ನೋಡಿದಾಗ ಕಂಡದ್ದು ಇದು. ಕಡಿದ ಮೇಲೆ ಬಯಲು ಇಷ್ಟಪಡುವ ಜೀರುಂಡೆಗಳು ಬಂದು ತುಂಬಿಕೊಳ್ಳುತ್ತವೆ. ಪ್ರಭೇದಗಳ ಸಂಖ್ಯೆ ಏರುತ್ತದೆ. ನೆರಳು, ತೇವ, ದಪ್ಪ ತರಗೆಲೆ ಬೇಕಾದ ಕಾಡಿನ ಪ್ರಭೇದಗಳು ಅದರ ಅಡಿ ಸದ್ದಿಲ್ಲದೆ ಕರಗುತ್ತವೆ. ಒಟ್ಟು ಲೆಕ್ಕ ನೋಡಿದವರಿಗೆ ಕಾಡು ಚೆನ್ನಾಗಾಗಿದೆ ಅನ್ನಿಸುತ್ತದೆ! ಮರಗಳು ಬೆಳೆದು ನೆತ್ತಿ ಮುಚ್ಚಿಕೊಳ್ಳಲು ಅಲ್ಲಿ 20-30 ವರ್ಷ ಬೇಕು. ಬಯಲಿನವು ಜಾಗ ಬಿಡುವುದು ಆಗ. ಇಷ್ಟು ನಿಧಾನದ ಬದಲಾವಣೆ ಹಿಡಿಯಲೆಂದೇ ಕೆನಡಾದ ಆಲ್ಬರ್ಟಾದಲ್ಲಿ 1998-99ರ ಸುಮಾರಿಗೆ ಎಮೆಂಡ್ ಎಂಬ ಪ್ರಯೋಗ ಶುರುವಾಯಿತು. ಬೇರೆ ಬೇರೆ ಪ್ರಮಾಣದಲ್ಲಿ ಮರ ಉಳಿಸಿ ಕಡಿದು, ಕಾಡು ಮತ್ತೆ ಬೆಳೆದು ಬಲಿಯುವವರೆಗೂ ನೋಡುವುದು ಅದರ ಉದ್ದೇಶ. ನೆಲ ಜೀರುಂಡೆಗಳು ಅದರ ಮುಖ್ಯ ಪಾತ್ರಧಾರಿಗಳು.

ಹಾಗಾಗಿ ನಿಮ್ಮ ಪಟ್ಟಿಯನ್ನು ಮೂರು ಪಾಲು ಮಾಡಿ: ಕಾಡಿನವು, ಬಯಲಿನವು, ಎರಡೂ ಕಡೆ ಬದುಕುವವು. ಹಾರಲಾರದವನ್ನು ಗುರುತು ಹಾಕಿ. ಕ್ಯಾರಬಸ್ ಕುಲದ ದೊಡ್ಡ ಜೀರುಂಡೆಗಳಲ್ಲಿ ಬಹಳಷ್ಟಕ್ಕೆ ಹಾರುವ ರೆಕ್ಕೆ ಇಲ್ಲ ಅಥವಾ ಮೊಟಕಾಗಿದೆ. ಒಂದು ತುಂಡು ಕಾಡಿನಿಂದ ಅವು ಅಳಿದರೆ ಮತ್ತೆ ನಡೆದೇ ಬರಬೇಕು, ನಡುವೆ ಹೊಲವೋ ರಸ್ತೆಯೋ ಇದ್ದರೆ ಬರುವುದೇ ಇಲ್ಲ. ಇಳಿಕೆ ಒಂದೆರಡು ಸಾಮಾನ್ಯ ಪ್ರಭೇದದಲ್ಲಿ ಮಾತ್ರ ಇದ್ದರೆ ಚಿಂತೆ ಕಡಿಮೆ. ಹಾರಲಾರದ ಕಾಡಿನವುಗಳೆಲ್ಲ ಒಟ್ಟಿಗೆ ಇಳಿಯುತ್ತಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಇದಕ್ಕೆ ಪ್ರಭೇದ ಗುರುತಿಸಲು ಬರಬೇಕು. ಮೈಕ್ರೋಸ್ಕೋಪ್ ಅಡಿ ಒಂದು ಕಪ್ಪು ಜೀರುಂಡೆ ಇಟ್ಟುಕೊಳ್ಳಿ. ಮುಂಗಾಲಿನ ಒಳಬದಿಯಲ್ಲಿ ಒಂದು ಸಣ್ಣ ಕಚ್ಚು ಕಾಣುತ್ತದೆ, ಮೀಸೆಯನ್ನು ಅದರಲ್ಲಿ ಎಳೆದು ಶುಚಿ ಮಾಡಿಕೊಳ್ಳುತ್ತದೆ. ಮಗುಚಿ ಹಾಕಿದರೆ ಹಿಂಗಾಲಿನ ಬುಡದಲ್ಲಿ ಬೀನ್ಸ್ ಬೀಜದ ಆಕಾರದ ದಪ್ಪ ತುಂಡು. ಇವೆರಡು ಇದ್ದರೆ ನೆಲ ಜೀರುಂಡೆ ಎಂದು ಬಹುಮಟ್ಟಿಗೆ ಖಾತ್ರಿ. ಬೆನ್ನ ಮೇಲಿನ ಗಟ್ಟಿ ಕವಚದ ಗೆರೆಗಳ ನಡುವೆ ಚುಕ್ಕೆಯಂಥ ಗುಳಿಗಳಿವೆಯೇ, ಎಷ್ಟಿವೆ, ಕತ್ತಿನ ಹಿಂದಿನ ಫಲಕದ ಮೂಲೆ ಚೂಪೋ ದುಂಡೋ, ಪ್ರಭೇದ ತಿಳಿಯುವುದು ಇಂಥವುಗಳಿಂದ. ಕವಚವನ್ನು ಸೂಜಿಯಿಂದ ಮೆಲ್ಲಗೆ ಒತ್ತಿ ನೋಡಿ. ಮೆತ್ತಗೆ ಬಗ್ಗಿದರೆ, ಬಣ್ಣ ಪೇಲವವಾಗಿದ್ದರೆ, ಅದು ಕೋಶದಿಂದ (ಪ್ಯೂಪಾದಿಂದ) ಈಗಷ್ಟೇ ಹೊರಬಂದದ್ದು. ಇಂಥವು ಯಾವ ವಾರದಲ್ಲಿ ಎಷ್ಟು ಸಿಕ್ಕವು ಎಂದು ಬರೆದಿಟ್ಟರೆ ಆ ವರ್ಷ ಹೊಸ ಪೀಳಿಗೆ ಬಂತೋ ಇಲ್ಲವೋ ತಿಳಿಯುತ್ತದೆ. ಒಟ್ಟು ಸಂಖ್ಯೆಗಿಂತ ಎಷ್ಟೋ ಪಾಲು ಬೆಲೆಯ ಮಾಹಿತಿ ಅದು.

ಹೆಸರು ಗೊತ್ತಾಗದವಕ್ಕೆ "ಸಣ್ಣ ಕಪ್ಪು 3" ಎಂದು ಬರೆಯುವುದು ತಪ್ಪಲ್ಲ. ಆದರೆ ಆ "ಸಣ್ಣ ಕಪ್ಪು 3" ಯಾವುದು ಎಂದು ತೋರಿಸುವ ಜೀರುಂಡೆ ಸೂಜಿಗೆ ಚುಚ್ಚಿ ಪೆಟ್ಟಿಗೆಯಲ್ಲಿ ಇರಲೇಬೇಕು. ಮುಂದಿನ ವರ್ಷ ಬೇರೆಯವರು ಎಣಿಸಿದರೆ ಅವರ "ಸಣ್ಣ ಕಪ್ಪು 3" ಬೇರೆಯದೇ ಆಗಿಬಿಡುತ್ತದೆ. ಉಳಿದವನ್ನು ಶೇ. 70ರ ಆಲ್ಕೋಹಾಲ್‌ನಲ್ಲಿ ಇಡಿ. ತಾಣ, ಕಪ್ ಸಂಖ್ಯೆ, ಇಟ್ಟ ದಿನ, ತೆಗೆದ ದಿನ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಬಾಟಲಿಯ ಒಳಗಿರಲಿ, ಹೊರಗೆ ಅಂಟಿಸಿದ ಚೀಟಿ ಉದುರಿಹೋಗುತ್ತದೆ. ಎಣಿಸಿಯಾಯಿತು ಎಂದು ಎಸೆಯಬೇಡಿ. ಒಂದೇ ಅಂದುಕೊಂಡ ಪ್ರಭೇದ ಎರಡು ಎಂದು ಮುಂದೆ ಗೊತ್ತಾದರೆ ಹಿಂದಕ್ಕೆ ಹೋಗಿ ನೋಡಲು ಬಾಟಲಿ ಬಿಟ್ಟರೆ ಬೇರೆ ದಾರಿ ಇಲ್ಲ.

ನೀವೇ ಹಿಡಿದು ಕಡಿಮೆ ಮಾಡುತ್ತಿದ್ದೀರಾ? ದೊಡ್ಡ ಕಾಡಿನಲ್ಲಿ, ಮೂವತ್ತು ಕಪ್‌ನಿಂದ, ಇಡೀ ಪ್ರಭೇದದ ಸಂಖ್ಯೆ ಅರ್ಧಕ್ಕಿಳಿಯುವ ಸಾಧ್ಯತೆ ಬಹಳ ಕಡಿಮೆ. ಆದರೆ ಕಪ್‌ಗಳು ತೀರಾ ಹತ್ತಿರ ಇದ್ದರೆ ಆ ಚೂರು ಜಾಗದಲ್ಲಿ ಜೀರುಂಡೆ ಬರಿದಾಗುವುದುಂಟು. ಒಂದು ಕಪ್ ಇನ್ನೊಂದರ ಪಾಲು ತಿನ್ನುತ್ತದೆ. ಆಲ್ಬರ್ಟಾದ ಕಾಡಿನಲ್ಲಿ ಇದನ್ನು ಪರೀಕ್ಷಿಸಿದವರು 1995ರಲ್ಲಿ 25 ಮೀಟರ್ ಅಂತರ ಸೂಚಿಸಿದರು. ಹೊಸ ತಾಣಗಳಲ್ಲಿ ಅಷ್ಟು ಬಿಡಿ, ಹಳೆಯ ಸಾಲಿನ ಅಂತರ ಮಾತ್ರ ಬದಲಿಸಬೇಡಿ. ನಿಮ್ಮದು ಸಣ್ಣ ತುಂಡು ಕಾಡಾಗಿದ್ದು ಅದರಲ್ಲಿ ಹಾರಲಾರದ ಅಪರೂಪದ ಪ್ರಭೇದ ಇದ್ದರೆ ಪ್ರಶ್ನೆ ಗಂಭೀರ. ಅಲ್ಲಿ ದ್ರವ ಹಾಕದ ಒಣ ಕಪ್ ಇಟ್ಟು, ದಿನವೂ ನೋಡಿ, ಎಣಿಸಿ, ಬಿಟ್ಟುಬಿಡಿ. ದ್ರವ ಹಾಕುವ ಕಡೆ ಎಥಿಲೀನ್ ಗ್ಲೈಕಾಲ್ ಬೇಡ. ಅದು ಸಿಹಿ, ಕುಡಿದ ಪ್ರಾಣಿಗೆ ವಿಷ. ಪ್ರೊಪಿಲೀನ್ ಗ್ಲೈಕಾಲ್ ಬಳಸಿ. ಕಪ್ಪೆ, ಮೂಗಿಲಿಗಳು ಬೀಳದಂತೆ ಬಾಯಿಗೆ ಜಾಲರಿ ಹಾಕುವುದಾದರೆ ಎಲ್ಲ ಕಪ್‌ಗೂ ಹಾಕಿ. ಜಾಲರಿಯೂ ಒಂದು ಬದಲಾವಣೆಯೇ. ಹಳೆಯದರ ಜೊತೆ ಹೋಲಿಸುವ ಋತುವಿನಲ್ಲೇ ಅದನ್ನೂ ಸೇರಿಸಿಕೊಳ್ಳಿ.

ಋತುವಿನ ಬಗ್ಗೆ ಒಂದು ಎಚ್ಚರಿಕೆ. ಕೆಲಸ ಕಡಿಮೆ ಮಾಡಿಕೊಳ್ಳಲು ವರ್ಷಕ್ಕೆ ಒಂದೇ ನಿಗದಿತ ಹದಿನೈದು ದಿನ ಹಿಡಿಯೋಣ ಅನ್ನಿಸಬಹುದು. ಬೇಡ. ಕೆಲವು ಪ್ರಭೇದಗಳು ವಸಂತದಲ್ಲಿ, ಕೆಲವು ಬೇಸಿಗೆಯ ಕೊನೆಗೆ ಸಂತಾನ ಮಾಡುತ್ತವೆ. ಮಳೆಗಾಲ-ಒಣಗಾಲ ಇರುವ ಕಾಡಿನಲ್ಲಿ ಮಳೆ ಬಂದ ಮೇಲೆ ಓಡಾಟ ಏಳುತ್ತದೆ. ಬಿಸಿಲು ಮುಂಚೆ ಏರಿದ ವರ್ಷ, ಮಳೆ ತಡವಾದ ವರ್ಷ, ಓಡಾಟದ ತುದಿ ಎರಡು ಮೂರು ವಾರ ಆಚೀಚೆ ಸರಿಯುತ್ತದೆ. ನಿಮ್ಮ ಹದಿನೈದು ದಿನ ಆ ತುದಿಯನ್ನು ತಪ್ಪಿಸಿಕೊಂಡರೆ ಅದು ಕುಸಿತದಂತೆ ಕಾಣುತ್ತದೆ. ಕಪ್ ಕಡಿಮೆ ಮಾಡಿ, ತಿಂಗಳು ಕಡಿಮೆ ಮಾಡಬೇಡಿ. ಮತ್ತೆ, ನಿಮ್ಮದು ಉಷ್ಣವಲಯದ ಕಾಡಾದರೆ ನೆಲ ಜೀರುಂಡೆ ಕುಟುಂಬದ ದೊಡ್ಡ ಪಾಲು ನೆಲದಲ್ಲೇ ಇರುವುದಿಲ್ಲ. ಟೆರಿ ಎರ್ವಿನ್ ಎಂಬ ಕೀಟವಿಜ್ಞಾನಿ ಪನಾಮದಲ್ಲಿ ಮರಗಳ ನೆತ್ತಿಗೆ ಹೊಗೆಯಂತೆ ಕೀಟನಾಶಕ ಹಾಯಿಸಿ ಉದುರಿದ್ದನ್ನು ನೋಡಿದಾಗ ಇಂಥವೂ ರಾಶಿ ರಾಶಿ ಸಿಕ್ಕವು. ಕಪ್ ನಿಮಗೆ ಹೇಳುವುದು ನೆಲದ ಕಥೆ ಮಾತ್ರ ಎಂದು ವರದಿಯಲ್ಲಿ ಬರೆಯಿರಿ.

ಕೊನೆಯದಾಗಿ, ಜನರಿಗೆ ತಿಳಿಸುವ ಮಾತು. ತಿಳಿಸಿ, ಖಂಡಿತ ತಿಳಿಸಿ. ಆದರೆ "ಜೀರುಂಡೆಗಳು ಅರ್ಧಕ್ಕಿಳಿದಿವೆ" ಎಂದಲ್ಲ. ನಿಮ್ಮ ಹತ್ತಿರ ಇವತ್ತು ಇರುವ ನಿಜ ಇಷ್ಟು: "ಈ ಕಾಡಿನ ಇಷ್ಟು ತಾಣಗಳಲ್ಲಿ ಇಷ್ಟು ಪ್ರಭೇದದ ನೆಲ ಜೀರುಂಡೆಗಳು ಸಿಕ್ಕಿವೆ. ಮೂರನೇ ವರ್ಷ ನೂರು ಕಪ್-ದಿನಕ್ಕೆ ಸಿಕ್ಕ ಸಂಖ್ಯೆ ಮೊದಲ ವರ್ಷಕ್ಕಿಂತ ಕಡಿಮೆ. ನಡುವೆ ಕಪ್‌ನ ಅಳತೆ ಬದಲಾಗಿದೆ. ಎಣಿಕೆ ಮುಂದುವರಿಯುತ್ತದೆ." ಇದನ್ನು ಪ್ರಭೇದಗಳ ಪಟ್ಟಿಯ ಜೊತೆ ಪ್ರಕಟಿಸಿದರೆ ಬೇರೆ ಕಾಡಿನಲ್ಲಿ ಎಣಿಸುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಮೂರು ವರ್ಷದ ಬಾಟಲಿಗಳು ಇನ್ನೂ ಇದ್ದರೆ ಪ್ರಭೇದವಾರು ಮತ್ತೊಮ್ಮೆ ಎಣಿಸಿ, ಕಪ್ ಹಾಳಾದ ದಿನಗಳನ್ನು ಕಳೆದು, ಆ ಕೋಷ್ಟಕವನ್ನು ನನಗೆ ಕಳಿಸಿ. ಹಳೆಯ ಅಳತೆಯ ಕಪ್‌ಗಳನ್ನು ಮುಂದಿನ ಋತು ಶುರುವಾಗುವ ಮೊದಲೇ ಕೊಂಡಿಟ್ಟುಕೊಳ್ಳಿ. ಒಡೆಯುವುದನ್ನು ಲೆಕ್ಕ ಹಿಡಿದು, ಹತ್ತು ವರ್ಷಕ್ಕೆ ಬೇಕಾಗುವಷ್ಟು ಒಂದೇ ಸಲ ತನ್ನಿ.